ಅಜ್ಜ ಹೇಳಿದ ಹೊಳೆ, ನಕ್ಷೆ ತೋರಿಸಿದ ಹೊಳೆ: ಶರಾವತಿ ಹಿನ್ನೀರಿನ ಒಂದು ಪ್ರಕರಣ

ಶರಾವತಿ ಕಣಿವೆಯವರು ಕಾಲವನ್ನು ಎರಡು ಪಾಲು ಮಾಡಿ ಮಾತಾಡುತ್ತಾರೆ. ಒಂದು ಮುಳುಗಡೆಗೆ ಮುಂಚೆ, ಇನ್ನೊಂದು ಮುಳುಗಡೆ ಆದಮೇಲೆ. ಮದುವೆ, ಹೆರಿಗೆ, ಸಾವು ಎಲ್ಲದರ ಲೆಕ್ಕವೂ ಇದರ ಮೇಲೆಯೇ. ಈ ಪ್ರಕರಣದಲ್ಲಿ ನಾವು ಎಡವಿದ್ದು ಆ ಒಂದು ಪದದ ಮೇಲೆ. ಮುಳುಗಡೆ ಅಂದರೆ ಯಾವ ಮುಳುಗಡೆ ಎಂದು ಕೇಳುವ ಬುದ್ಧಿ ನಮಗೆ ತಡವಾಗಿ ಬಂತು.

ನಾನು ಹಳೇ ನಕ್ಷೆಗಳನ್ನು ಇವತ್ತಿನ ನೆಲದ ಮೇಲೆ ಕೂರಿಸುವ ಕೆಲಸ ಮಾಡುತ್ತೇನೆ. ಇಲ್ಲಿ ಬರೆದಿರುವುದು ಒಂದು ಕುಟುಂಬದ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಹೆಸರು, ಗುಡ್ಡಗಳ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಇದೇ ರೀತಿ ಮುಳುಗಿದ ಮನೆ, ದೇವಸ್ಥಾನ, ಕೆರೆ ಹುಡುಕುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ತಪ್ಪು ಅವರಿಗೆ ದಾರಿ ಉಳಿಸಲಿ ಎಂಬ ಆಸೆ.

ಹಿನ್ನೆಲೆ

ಶರಾವತಿ ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟುತ್ತಾಳೆ. ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಜೋಗಕ್ಕಿಂತ ಮೇಲೆ, ಸಾಗರ ಮತ್ತು ಹೊಸನಗರ ತಾಲೂಕುಗಳ ನಡುವೆ, ಕಣಿವೆ ಅಗಲವಾಗಿ ಹರಡಿಕೊಂಡಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಆ ಕಣಿವೆ ತುಂಬಿತು. ತುಂಬಿದ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಈ ಸಂಖ್ಯೆ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಪೇಪರ್ ಬಿಚ್ಚಿದ ತಕ್ಷಣ ಎಲ್ಲರೂ ನೋಡುವುದು ಡ್ಯಾಮಿನ ಮಟ್ಟವನ್ನೇ.

ಆದರೆ ಲಿಂಗನಮಕ್ಕಿ ಈ ಹೊಳೆಯ ಮೊದಲ ಅಣೆಕಟ್ಟೆಯಲ್ಲ. ಅದಕ್ಕಿಂತ ಮೇಲೆ, ಮಡೆನೂರಿನಲ್ಲಿ, 1940ರ ದಶಕದಲ್ಲೇ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದ್ದರು. ಜೋಗದಲ್ಲಿ 1948ರಲ್ಲಿ ಶುರುವಾದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡುತ್ತಿದ್ದುದು ಅದೇ. ಹೆಚ್ಚುವರಿ ನೀರು ತಾನೇ ಎಳೆದುಕೊಂಡು ಹೊರಹೋಗುವ ಸೈಫನ್‌ಗಳನ್ನು ಅದರಲ್ಲಿ ಕೂರಿಸಿದ್ದರು. ಮೈಸೂರು ಸಂಸ್ಥಾನದ ಎಂಜಿನಿಯರ್‌ಗಳ ಹೆಮ್ಮೆಯ ಕೆಲಸ ಅದು. ಲಿಂಗನಮಕ್ಕಿ ತುಂಬಿದಾಗ ಆ ಹಳೇ ಅಣೆಕಟ್ಟೆಯೇ ಹೊಸ ನೀರಿನೊಳಗೆ ಮುಳುಗಿಹೋಯಿತು. ಮಳೆ ಕಮ್ಮಿಯಾದ ವರ್ಷ, ಬೇಸಿಗೆಯಲ್ಲಿ, ಅದರ ತಲೆ ಮೇಲೆ ಬರುತ್ತದೆ. ಜನ ನೋಡಲು ಹೋಗುತ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೇಳಿದ್ದು ಏನು

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಗೆ ಹಿನ್ನೀರು ತುಂಬಾ ಕೆಳಗಿಳಿಯುವುದು ಖಚಿತವಾಗಿತ್ತು. ಆಗ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಅವಳ ಅಜ್ಜನಿಗೆ ಎಪ್ಪತ್ತೈದು ವರ್ಷ. ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಮನೆ ಬಿಟ್ಟು ಬಂದವರು. ಹಳೇ ಅಣೆಕಟ್ಟೆಗಿಂತ ಮೇಲಿನ ಭಾಗದಲ್ಲಿ, ಹೊಳೆಗೆ ಬಂದು ಸೇರುವ ಒಂದು ಹಳ್ಳದ ಪಕ್ಕ ಅವರ ಮನೆ ಇತ್ತು. "ಒಂದು ಸಲ ಆ ಅಂಗಳದಲ್ಲಿ ನಿಲ್ಲಬೇಕಂತೆ ಅಜ್ಜನಿಗೆ. ಬೇರೇನೂ ಬೇಡ ಅಂತಾರೆ. ಚೌಡಿಕಟ್ಟೆ ಸಿಕ್ಕರೆ ಒಂದು ಕಾಯಿ ಒಡೀಬೇಕಂತೆ." ಚೌಡಿಕಟ್ಟೆ ಅಂದರೆ ಚೌಡಿ ದೇವತೆಯ ಕಟ್ಟೆ. ಅವಳು ಕೇಳಿದ್ದು ಇಷ್ಟೇ.

ಜೊತೆಗೆ ಅವಳ ದೊಡ್ಡಪ್ಪ ಇನ್ನೊಂದು ವಿಷಯ ಕೇಳಿದರು. ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ತಾವು ಈಗ ಉಳುಮೆ ಮಾಡುವ ಜಮೀನಿನ ಹಕ್ಕಿಗಾಗಿ ಇವತ್ತಿಗೂ ಅಲೆಯುತ್ತಿವೆ. ನಕ್ಷೆಯಲ್ಲಿ ಮನೆ ಸಿಕ್ಕರೆ ಅದು ದಾಖಲೆಯಾಗುತ್ತದಾ ಎಂದು ಅವರ ಪ್ರಶ್ನೆ. ಆಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಸರ್ವೆ ಆಫ್ ಇಂಡಿಯಾದ ಭೂಲಕ್ಷಣ ನಕ್ಷೆಯಲ್ಲಿ ಗುಡ್ಡ, ಹೊಳೆ, ದಾರಿ, ಊರು ಇರುತ್ತವೆ. ಯಾರ ಜಮೀನು ಎಂಬುದು ಇರುವುದಿಲ್ಲ. ಅದಕ್ಕೆ ಬೇಕಾದ್ದು ಸರ್ವೆ ನಂಬರ್ ಇರುವ ಗ್ರಾಮ ನಕ್ಷೆ, ಜಮೀನಿನ ವಿಸ್ತೀರ್ಣ ಕಂದಾಯ ಬರೆದ ಆಕಾರಬಂದ್, ಪರಿಹಾರ ಕೊಟ್ಟ ಕಾಲದ ಕಾಗದಗಳು. ಅವರಿಗೆ ಬೇಜಾರಾಯಿತು. ಆದರೂ ಆ ಮಾತನ್ನು ಮೊದಲ ದಿನವೇ ಆಡಿದ್ದು ಒಳ್ಳೆಯದಾಯಿತು. ಇಲ್ಲದ ಭರವಸೆ ಇಟ್ಟುಕೊಂಡು ಯಾರೂ ನಮ್ಮ ಜೊತೆ ಬರಲಿಲ್ಲ.

ಮೊದಲ ಪ್ರಯತ್ನಗಳು

ಮೊಬೈಲ್‌ನಲ್ಲಿ ಸಿಗುವ ಉಪಗ್ರಹ ಚಿತ್ರವನ್ನು ಅವರೇ ನೋಡಿದ್ದರು. ನೀರು ಬಿಟ್ಟು ಬೇರೇನೂ ಇಲ್ಲ. ಹಳೇ ಉಪಗ್ರಹ ಚಿತ್ರ ಸಿಗುತ್ತದಾ ಎಂದು ಕೇಳಿದರು. ನೆಲದ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಶುರುವಾದದ್ದೇ 1972ರಲ್ಲಿ. ಅಷ್ಟು ಹೊತ್ತಿಗೆ ಕಣಿವೆ ಮುಳುಗಿ ಎಂಟು ವರ್ಷ ಆಗಿತ್ತು.

ಇವತ್ತಿನ 1:50,000 ನಕ್ಷೆ ತೆಗೆದೆ. ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಕಂದು ಗೆರೆಗಳು ಗುಡ್ಡದಿಂದ ಒಂದರ ಕೆಳಗೊಂದು ಇಳಿದು ಬಂದು ನೀರಿನ ಅಂಚಿನಲ್ಲಿ ನಿಂತುಬಿಡುತ್ತವೆ. ಅದರಾಚೆ ಬರೀ ನೀಲಿ. ನೀರಿನ ಕೆಳಗಿನ ನೆಲದ ಏರಿಳಿತ ಅದರಲ್ಲಿ ಇಲ್ಲ.

ಅಮೆರಿಕದ ಸೇನೆಯವರು 1950ರ ದಶಕದಲ್ಲಿ ಮಾಡಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಯಾರಿಗೆ ಬೇಕಾದರೂ ಸಿಗುತ್ತವೆ. ಅವುಗಳ ಅಳತೆ 1:2,50,000. ಅಂದರೆ ಹಾಳೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 250 ಮೀಟರ್. ಮಲೆನಾಡಿನಲ್ಲಿ ಮನೆಗಳು ಒಂದೊಂದು ತೋಟಕ್ಕೆ ಒಂದೊಂದರಂತೆ ಚದುರಿರುತ್ತವೆ. ಎರಡು ಮೂರು ಮನೆಯ ಕೇರಿಯ ಹೆಸರು ಅಂಥ ನಕ್ಷೆಯಲ್ಲಿ ಹಿಡಿಸುವುದಿಲ್ಲ.

ನಮಗೆ ಬೇಕಿದ್ದದ್ದು ಹಳೇ ಒಂದಿಂಚಿನ ನಕ್ಷೆ. ನೆಲದ ಒಂದು ಮೈಲಿಗೆ ಹಾಳೆಯ ಮೇಲೆ ಒಂದು ಇಂಚು. ಮೀಟರ್ ಲೆಕ್ಕ ಬರುವ ಮೊದಲು ಸರ್ವೆ ಆಫ್ ಇಂಡಿಯಾದ ಮುಖ್ಯ ನಕ್ಷೆ ಅದೇ ಆಗಿತ್ತು. ಈ ಕಣಿವೆಯ ವಿಚಾರದಲ್ಲಿ ಒಂದು ತೊಡಕಿದೆ. ಒಂದೊಂದು ಹಾಳೆ 15 ಕಲೆ ಅಕ್ಷಾಂಶ, 15 ಕಲೆ ರೇಖಾಂಶದ ಚೌಕ. ಒಂದು ಕಲೆ ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. 14 ಡಿಗ್ರಿ ಅಕ್ಷಾಂಶ ಮತ್ತು 75 ಡಿಗ್ರಿ ರೇಖಾಂಶ ಈ ಹಿನ್ನೀರಿನ ಸೀಮೆಯಲ್ಲೇ ಒಂದನ್ನೊಂದು ದಾಟುತ್ತವೆ. ಹಾಗಾಗಿ ಒಂದೇ ಕಣಿವೆ ನಾಲ್ಕು ಹಾಳೆಗಳಲ್ಲಿ ಹರಿದು ಹಂಚಿಹೋಗಿದೆ: 48 ಜೆ/16, 48 ಎನ್/4, 48 ಕೆ/13, 48 ಓ/1. ನಾಲ್ಕೂ ಇಲ್ಲದೆ ಹೊಳೆಯ ಪೂರ್ತಿ ಚಿತ್ರ ಸಿಗುವುದಿಲ್ಲ. ಕರಾವಳಿಗೆ ಹತ್ತಿರದ ಸೀಮೆ ಅನ್ನುವ ಕಾರಣಕ್ಕೆ ಇಂಥ ಹಾಳೆಗಳು ಹಿಂದೆ ಸುಲಭಕ್ಕೆ ಕೈಗೆ ಸಿಗುತ್ತಿರಲಿಲ್ಲ. 2021ರ ಹೊಸ ನಿಯಮಗಳ ಮೇಲೆ ನಕ್ಷೆಯ ಕೆಲಸ ಎಷ್ಟೋ ಸಲೀಸಾಗಿದೆ. ಆದರೂ ಮುಳುಗಡೆಗೆ ಮುಂಚಿನ ಹಾಳೆಯನ್ನು ಹುಡುಕಿಯೇ ತರಬೇಕು.

ಒಂದು ಕಾಲೇಜಿನ ಭೂಗೋಳ ವಿಭಾಗದ ಬೀರುವಿನಲ್ಲಿ ಸಿಕ್ಕವು. ಹಿಂದೆ ಬಟ್ಟೆ ಅಂಟಿಸಿದ, ಮಡಿಕೆಯಲ್ಲಿ ಸವೆದ ಹಾಳೆಗಳು. ಹಸಿರಲ್ಲಿ ಕಾಡು, ಹಳದಿಯಲ್ಲಿ ಗದ್ದೆ, ಕೆಂಪಲ್ಲಿ ಊರು, ನಡುವೆ ಸಣ್ಣ ನೀಲಿ ದಾರದ ಹಾಗೆ ಹೊಳೆ. ಹುಡುಗಿ ಆ ನೀಲಿ ದಾರದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಅವಳು ಹುಟ್ಟಿದಾಗಿನಿಂದ ಕಂಡದ್ದು ಸಮುದ್ರದಂಥ ನೀರು. ಅದರೊಳಗೆ ಇಷ್ಟು ಸಣ್ಣ ಹೊಳೆ ಇತ್ತು ಎಂಬುದನ್ನು ಅವಳಿಗೆ ನಂಬಲಿಕ್ಕೇ ಆಗಲಿಲ್ಲ.

ಹಾಳೆ ಕೂರಿಸುವಾಗಿನ ತಪ್ಪುಗಳು

ಮೊದಲು ಫೋನಿನಲ್ಲಿ ಫೋಟೋ ತೆಗೆದು ಕೆಲಸ ಶುರು ಮಾಡಿದೆವು. ಅದು ಕೆಲಸಕ್ಕೆ ಬರಲಿಲ್ಲ. ಹಾಳೆ ಮಡಿಕೆಯಲ್ಲಿ ಎದ್ದು ನಿಂತ ಕಡೆ ಗೆರೆಗಳು ಬಾಗಿದ್ದವು. ಎರಡನೇ ಸಲ ಗಾಜಿನ ಕೆಳಗೆ ಚಪ್ಪಟೆ ಮಾಡಿ ಸ್ಕ್ಯಾನ್ ಮಾಡಿಸಿದೆವು.

ಆಮೇಲೆ ಸ್ಕೇಲ್ ಹಿಡಿದು ಹಾಳೆಯನ್ನೇ ಅಳೆದೆ. ಇದನ್ನು ಎಲ್ಲರೂ ಮಾಡಬೇಕು. 14 ಡಿಗ್ರಿಯ ಸುತ್ತಮುತ್ತ 15 ಕಲೆ ಅಕ್ಷಾಂಶ ಅಂದರೆ ನೆಲದ ಮೇಲೆ 27.7 ಕಿಲೋಮೀಟರ್ ಹತ್ತಿರ. ಒಂದಿಂಚಿನ ನಕ್ಷೆಯಲ್ಲಿ ಅದು 17.2 ಇಂಚು ಎತ್ತರ ಬರಬೇಕು. ಮಲೆನಾಡಿನ ಶೀತಕ್ಕೆ, ಬಟ್ಟೆ ಅಂಟಿಸಿದ ಗೋಂದಿಗೆ ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ. ಎಂಟನೇ ಒಂದು ಇಂಚು ವ್ಯತ್ಯಾಸ ಬಂದರೂ ನೆಲದ ಮೇಲೆ 200 ಮೀಟರ್ ಹೋಯಿತು. ನಮ್ಮ ಒಂದು ಹಾಳೆ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿತ್ತು. ಹಾಗಾಗಿ ನಾಲ್ಕು ಮೂಲೆಯನ್ನು ಮಾತ್ರ ಹಿಡಿಯದೆ, ಪ್ರತಿ 5 ಕಲೆಗೆ ಗೆರೆಗಳು ದಾಟುವ ಹದಿನಾರು ಜಾಗಗಳನ್ನೂ ಗುರುತಿಗೆ ತೆಗೆದುಕೊಂಡೆ. ಕ್ಯೂಜಿಐಎಸ್ ಎಂಬ ಪುಕ್ಕಟೆ ತಂತ್ರಾಂಶ ಇದಕ್ಕೆಲ್ಲ ಸಾಕು.

ಇಷ್ಟು ಮಾಡಿಯೂ ಒಂದು ಕಡೆ ಎಡವಿದೆ. ಹಳೇ ಹಾಳೆಯ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಹೆಸರಿನ ಭೂಮಿಯ ಅಳತೆಯ ಮೇಲೆ ನಿಂತಿವೆ. ಇವತ್ತಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಅಳತೆಯನ್ನು. ಎರಡರಲ್ಲೂ ಅದೇ ಅಂಕಿ ಬರೆದರೂ ಅದೇ ಜಾಗ ಅಲ್ಲ. ನಮ್ಮ ಸೀಮೆಯಲ್ಲಿ ಈ ವ್ಯತ್ಯಾಸ ನೂರು ಇನ್ನೂರು ಮೀಟರ್ ಬರುತ್ತದೆ. ನಾನು ಅವಸರದಲ್ಲಿ ಎಲ್ಲವನ್ನೂ ಡಬ್ಲ್ಯುಜಿಎಸ್ ಎಂದೇ ಕೊಟ್ಟುಬಿಟ್ಟೆ.

ಈಗ ಮನೆಯ ಜಾಗ. ಅಜ್ಜ ಹೇಳಿದ ಗುರುತುಗಳನ್ನು ಬರೆದುಕೊಂಡಿದ್ದೆವು. ಹಳ್ಳದ ಎಡಗಡೆ ಮನೆ. ಹಳ್ಳಕ್ಕೆ ಮರದ ಸಂಕ, ಅಂದರೆ ಕಾಲುಸೇತುವೆ. ಮನೆ ಹಿಂದೆ ದರೆ, ದರೆಯ ಮೇಲೆ ಸೊಪ್ಪಿನ ಬೆಟ್ಟ. ಹೊಳೆ ಮನೆಗೆ ಕೂಗಳತೆ ದೂರ. "ಅಮ್ಮ ಅಂಗಳದಿಂದ ಕೂಗಿದರೆ ಹೊಳೆ ಹತ್ತಿರ ಆಡುತ್ತಿದ್ದ ನಮಗೆ ಕೇಳುತ್ತಿತ್ತು." ಕೂಗಳತೆ ಅಂದರೆ ಮುನ್ನೂರು ನಾನೂರು ಮೀಟರ್ ಎಂದು ಹಿಡಿದೆವು. ನಕ್ಷೆಯಲ್ಲಿ ಆ ಹಳ್ಳ ಸ್ಪಷ್ಟವಾಗಿತ್ತು. ಹಳ್ಳ ಹೊಳೆಗೆ ಸೇರುವ ಜಾಗದಿಂದ ನಾನೂರು ಮೀಟರ್ ಮೇಲೆ, ಎಡಗಡೆ, ಹಳದಿ ಬಣ್ಣದ ಅಂಚಿನಲ್ಲಿ ಎರಡು ಮನೆಯ ಕೆಂಪು ಚೌಕವೂ ಇತ್ತು. ಇನ್ನೇನು ಬೇಕು ಅಲ್ವಾ? ಗುರುತು ಹಾಕಿಬಿಟ್ಟೆವು.

ಏಪ್ರಿಲ್‌ನ ಪ್ರಯಾಣ

ಏಪ್ರಿಲ್ ಕೊನೆಯಲ್ಲಿ ಅಜ್ಜನನ್ನು ಕರೆದುಕೊಂಡು ಹೊರಟೆವು. ಹಿನ್ನೀರು ಇಳಿದ ಕಡೆ ನೆಲ ನೋಡಲು ಗಟ್ಟಿ ಕಾಣುತ್ತದೆ. ಮೇಲೆ ಬಿರುಕು ಬಿಟ್ಟ ಮಣ್ಣು, ಕೆಳಗೆ ಮೊಣಕಾಲುದ್ದ ಕೆಸರು. ಅಲ್ಲಿ ದನ ಮೇಯಿಸುವ ಒಬ್ಬರನ್ನು ಮುಂದೆ ಬಿಟ್ಟುಕೊಂಡು, ಅವರು ಕೋಲು ಊರಿ ನೋಡಿದ ಜಾಗದಲ್ಲೇ ಕಾಲಿಟ್ಟು ನಡೆದೆವು. ಸುತ್ತ ಅರವತ್ತು ವರ್ಷದಿಂದ ನಿಂತ ಬೊಡ್ಡೆಗಳು, ಬಿಳಿಚಿಕೊಂಡ ಬೇರುಗಳು.

ಫೋನಿನಲ್ಲಿ ಗುರುತು ತೋರಿಸಿದ ಜಾಗ ಅವತ್ತಿನ ನೀರಿನ ಅಂಚಿನಲ್ಲೇ ಇತ್ತು. ಅಜ್ಜ ನಿಂತರು. ಸುತ್ತ ತಿರುಗಿ ನೋಡಿದರು. ಗುಡ್ಡದ ಕಡೆ ನೋಡಿದರು. ಮತ್ತೆ ನೀರಿನ ಕಡೆ ನೋಡಿದರು.

"ಇದಲ್ಲ ಮಗಾ" ಎಂದರು.

ನಾನು ನಕ್ಷೆ ತೋರಿಸಿದೆ. ಹಳ್ಳ ಇಲ್ಲೇ ಸೇರುತ್ತದೆ ಅಜ್ಜ, ನೋಡಿ ಎಂದೆ. ಅವರು ನಕ್ಷೆ ನೋಡಲಿಲ್ಲ. "ಗುಡ್ಡ ಹೀಗೆ ಕಾಣ್ತಿರಲಿಲ್ಲ. ದೊಡ್ಡ ಗುಡ್ಡದ ನೆತ್ತಿ ಸಣ್ಣ ಗುಡ್ಡದ ಭುಜದ ಮೇಲೆ ಕೂತ ಹಾಗೆ ಕಾಣ್ತಿತ್ತು. ಇಲ್ಲಿ ಎರಡೂ ದೂರ ದೂರ ನಿಂತಿವೆ" ಎಂದರು.

ವಯಸ್ಸಾಗಿದೆ, ನೆನಪು ಕಲಸಿಹೋಗಿರಬೇಕು ಎಂದು ನನ್ನ ಮನಸ್ಸು ಹೇಳಿತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಂದುಕೊಂಡದ್ದು ನಿಜ. ಅಚ್ಚಾದ ನಕ್ಷೆಯನ್ನು ನಂಬಿ ಮನುಷ್ಯನನ್ನು ಅನುಮಾನಿಸಿದೆ. ಈ ಪ್ರಕರಣದ ದೊಡ್ಡ ತಪ್ಪು ಅದೇ. ಬಿಸಿಲು ಏರಿತ್ತು. ಅಜ್ಜ ವಾಪಸ್ ಬರುವಾಗ ಮಾತಾಡಲಿಲ್ಲ. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಹುಡುಗಿ ಆಮೇಲೆ ಹೇಳಿದಳು.

ತಿರುವು

ವಾಪಸ್ ಬಂದು ಮೊದಲು ಹಾಳೆ ಕೂರಿಸಿದ್ದನ್ನು ಪರೀಕ್ಷೆ ಮಾಡಿದೆ. ಹಳೇ ಹಾಳೆಯಲ್ಲಿ, ಮುಳುಗದೆ ಉಳಿದ ಗುಡ್ಡಗಳ ನೆತ್ತಿಯಲ್ಲಿ ತ್ರಿಕೋನದ ಗುರುತುಗಳಿದ್ದವು. ಸರ್ವೆಯವರು ದುರ್ಬೀನು ನಿಲ್ಲಿಸಿ ಕೋನ ಅಳೆದ ಜಾಗಗಳು ಅವು. ಆ ನೆತ್ತಿಗಳು ಉಪಗ್ರಹ ಚಿತ್ರದ ನೆತ್ತಿಗಳ ಮೇಲೆ ಕೂರುತ್ತಿರಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಸರಿದಿದ್ದವು. ಆಗ ಎವರೆಸ್ಟ್ ಲೆಕ್ಕದ ತಪ್ಪು ಸಿಕ್ಕಿತು. ಸರಿ ಮಾಡಿದೆ, ಗುಡ್ಡಗಳು ಕೂತವು. ಸಮಾಧಾನ ಆಯಿತು. ಆದರೆ ಮನೆಯ ಗುರುತು ಸರಿದದ್ದು ಇನ್ನೂರು ಮೀಟರ್ ಒಳಗೆ. ಅಲ್ಲಿಂದಲೂ ಆ ಎರಡು ಗುಡ್ಡ ಅಜ್ಜ ಹೇಳಿದ ಹಾಗೆ ಕಾಣುವುದು ಸಾಧ್ಯವೇ ಇರಲಿಲ್ಲ.

ಆಗ ಹುಡುಗಿ ಒಂದು ಮಾತು ಹೇಳಿದಳು. ಅಜ್ಜನ ಅಕ್ಕ ಇದ್ದಾರೆ, ಎಂಬತ್ತಾರು ವರ್ಷ, ಅವರನ್ನೂ ಕೇಳೋಣ ಎಂದಳು. ಮೊದಲೇ ಕೇಳಬೇಕಿತ್ತು. ಕಿವಿ ಸ್ವಲ್ಪ ಮಂದ, ಕೇಳುವುದು ಕಷ್ಟ ಎಂದು ಬಿಟ್ಟಿದ್ದೆವು.

ದೊಡ್ಡಜ್ಜಿಯ ಮನೆಯ ಜಗಲಿಯಲ್ಲಿ ಕೂತು ಅಜ್ಜ ತಮ್ಮ ಗುರುತುಗಳನ್ನು ಮತ್ತೆ ಹೇಳಿದರು. ಈ ಸಲ ನಾನು ಮಧ್ಯೆ ಬಾಯಿ ಹಾಕಲಿಲ್ಲ. ಅಜ್ಜ ಹೇಳುತ್ತಾ ಹೋದರು. ಮಳೆಗಾಲದಲ್ಲಿ ಹೊಳೆ ಮನೆ ಹತ್ತಿರ ಬರುತ್ತಿತ್ತು. ಬೇಸಿಗೆಯಲ್ಲಿ ದೂರ ಹೋಗುತ್ತಿತ್ತು, ಆಗ ಕೆಸರು ದಾಟಿ ನೀರಿಗೆ ಇಳಿಯಬೇಕಿತ್ತು. ಹೊಳೆಯ ಮಧ್ಯೆ ಒಣಗಿದ ಮರಗಳು ನಿಂತಿದ್ದವು, ಅದರ ಮೇಲೆ ನೀರುಕಾಗೆಗಳು ಕೂರುತ್ತಿದ್ದವು.

ದೊಡ್ಡಜ್ಜಿ ನಕ್ಕರು. "ನೀ ಕಂಡದ್ದು ಹೊಳೆ ಎಲ್ಲಿಯದೋ? ಅದು ಕಟ್ಟೆ ನೀರು. ಮಡೆನೂರಲ್ಲಿ ಕಟ್ಟೆ ಕಟ್ಟಿದ ಮೇಲೆ ಬಂದದ್ದು. ಹೊಳೆ ಕಂಡವಳು ನಾನು. ಅದು ಕೆಳಗೆ, ಬಹಳ ಕೆಳಗೆ ಇತ್ತು. ನೀ ಆಗ ಹುಟ್ಟಿರಲಿಲ್ಲ."

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಎಲ್ಲ ಒಂದೇ ಸಲ ಬಿಡಿಸಿಕೊಂಡಿತು. ನೀರಿನ ಮಧ್ಯೆ ಒಣಮರ ನಿಲ್ಲುವುದು ಹರಿಯುವ ಹೊಳೆಯಲ್ಲಲ್ಲ, ಹೊಸದಾಗಿ ತುಂಬಿದ ಜಲಾಶಯದಲ್ಲಿ. ಬೇಸಿಗೆಗೆ ಅಷ್ಟು ದೂರ ಹಿಂದೆ ಸರಿಯುವುದೂ ಜಲಾಶಯದ ನೀರೇ. ಅಜ್ಜ ಹುಟ್ಟಿದ್ದು 1949ರ ಹೊತ್ತಿಗೆ. ಅವರ ಬಾಲ್ಯದ ಹೊಳೆ ಅಂದರೆ ಹಿರೇಭಾಸ್ಕರದ ಹಿನ್ನೀರು. ನನ್ನ ನಕ್ಷೆಯ ಸರ್ವೆ ನಡೆದದ್ದು ಆ ಅಣೆಕಟ್ಟೆ ಏಳುವ ಮುಂಚೆ. ಸರ್ವೆಯ ವರ್ಷ ಹಾಳೆಯ ಅಂಚಿನಲ್ಲೇ ಅಚ್ಚಾಗಿತ್ತು. ನಾನು ಅದನ್ನು ಓದಿದ್ದೆ, ಲಿಂಗನಮಕ್ಕಿಗಿಂತ ಹಳೆಯದು ಎಂದು ಖುಷಿಪಟ್ಟಿದ್ದೆ. ಅಜ್ಜನ ನೆನಪಿಗಿಂತಲೂ ಹಳೆಯದು ಎಂದು ಯೋಚಿಸಲೇ ಇಲ್ಲ.

ಅಂದರೆ ನಾವು ಮನೆ ಎಂದು ಗುರುತು ಹಾಕಿದ ಜಾಗ ಮೊದಲ ಅಣೆಕಟ್ಟೆಗೇ ಮುಳುಗಿತ್ತು. ಅಜ್ಜ ಹುಟ್ಟುವ ಮುಂಚೆಯೇ.

ಇಲ್ಲದ ದಡವನ್ನು ಹುಡುಕಿದ್ದು

ಈಗ ಬೇಕಾದ್ದು ಹಿರೇಭಾಸ್ಕರ ಜಲಾಶಯ ತುಂಬಿದಾಗಿನ ದಡ. ಅದು ಹಳೇ ಹಾಳೆಯಲ್ಲಿ ಇಲ್ಲ, ಏಕೆಂದರೆ ಆಗ ಜಲಾಶಯವೇ ಇರಲಿಲ್ಲ. ಇವತ್ತಿನ ಹಾಳೆಯಲ್ಲೂ ಇಲ್ಲ, ಏಕೆಂದರೆ ಈಗ ಅದು ನೀರೊಳಗಿದೆ. ಎರಡು ನಕ್ಷೆಗಳ ನಡುವಿನ ಹದಿನಾರು ವರ್ಷದ ದಡ ಅದು.

ಹಳೇ ಹಾಳೆಯ ಕಂದು ಗೆರೆಗಳಿಂದ ಅದನ್ನು ಎಳೆಯಬಹುದಾ ಎಂದು ನೋಡಿದೆ. ಒಂದಿಂಚಿನ ನಕ್ಷೆಗಳಲ್ಲಿ ಸಾಮಾನ್ಯವಾಗಿ 50 ಅಡಿಗೆ ಒಂದು ಗೆರೆ. ಲಿಂಗನಮಕ್ಕಿಯ 1819 ಅಡಿಯೂ 1800 ಮತ್ತು 1850ರ ಗೆರೆಗಳ ನಡುವೆ ಎಲ್ಲೋ ಬೀಳುತ್ತದೆ. ಕಡಿದಾದ ಗುಡ್ಡದಲ್ಲಿ ಎರಡು ಗೆರೆಗಳ ನಡುವೆ ಜಾಗವೇ ಇರುವುದಿಲ್ಲ, ಅಂದಾಜು ಸಾಕಾಗುತ್ತದೆ. ಆದರೆ ಹಳ್ಳದ ಬಾಯಿಯ ಗದ್ದೆಬಯಲಿನಲ್ಲಿ ಎರಡು ಗೆರೆಗಳ ನಡುವೆ ಅರ್ಧ ಕಿಲೋಮೀಟರ್ ಇತ್ತು. ಅಲ್ಲಿ ಅಂದಾಜು ಎಂದರೆ ಕತ್ತಲಲ್ಲಿ ಕೈ ಆಡಿಸಿದ ಹಾಗೆ.

ಆಗ ಹೊಳೆದದ್ದು ಇದು. ಲಿಂಗನಮಕ್ಕಿಯ ನೀರು ಬೇಸಿಗೆಯಲ್ಲಿ ದಿನದಿನಕ್ಕೂ ಇಳಿಯುತ್ತದೆ. ಇಳಿಯುತ್ತಾ ಒಂದು ದಿನ ಹಿರೇಭಾಸ್ಕರದ ತುಂಬಿದ ಮಟ್ಟವನ್ನು ಮುಟ್ಟಲೇಬೇಕು. ಹಳೇ ಅಣೆಕಟ್ಟೆಯ ಸೈಫನ್‌ಗಳ ತಲೆ ಆಗಷ್ಟೇ ನೀರಿನಿಂದ ಮೇಲೆ ಬರುವ ದಿನ ಅದರ ಹತ್ತಿರದ ದಿನ. ಆ ದಿನದ ನೀರಿನ ಅಂಚು ಎಲ್ಲಿದೆಯೋ, 1950ರ ದಶಕದ ಮಳೆಗಾಲದ ದಡವೂ ಸುಮಾರು ಅಲ್ಲೇ. ನೀರು ಮಟ್ಟಸವಾಗಿ ನಿಲ್ಲುತ್ತದೆ, ಅದು ಸುಳ್ಳು ಹೇಳುವುದಿಲ್ಲ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಎಲ್ಲರಿಗೂ ಪುಕ್ಕಟೆ. ಮೊದಲನೆಯದು 2015ರಲ್ಲಿ ಹಾರಿತು, 2017ರಲ್ಲಿ ಇನ್ನೊಂದು ಸೇರಿದ ಮೇಲೆ ಐದು ದಿನಕ್ಕೊಂದು ಚಿತ್ರ ಸಿಗುತ್ತದೆ. 10 ಮೀಟರ್‌ನಷ್ಟು ಸಣ್ಣದೂ ಕಾಣುತ್ತದೆ. ಬೇಸಿಗೆಯಲ್ಲಿ ಮೋಡದ ಕಾಟ ಕಮ್ಮಿ. ಒಂದೊಂದೇ ದಿನದ ಚಿತ್ರ ತೆರೆದು, ಹಳೇ ಅಣೆಕಟ್ಟೆಯ ಗೆರೆ ನೀರಿನ ಮೇಲೆ ಮೂಡುವ ದಿನವನ್ನು ಹುಡುಕಿದೆವು. ಆ ದಿನದ ನೀರಿನ ಅಂಚನ್ನು ಎಳೆದು, ಹಳೇ ಒಂದಿಂಚಿನ ಹಾಳೆಯ ಮೇಲೆ ಇಟ್ಟೆವು. ಹಳ್ಳದ ಬಾಯಿಯಲ್ಲಿ ಆ ದಡ ಹಳೇ ಹೊಳೆಯಿಂದ ಒಂದು ಕಿಲೋಮೀಟರ್ ಹತ್ತಿರ ಒಳಕ್ಕೆ ಬಂದಿತ್ತು. ಅಜ್ಜನ ಕೂಗಳತೆಯನ್ನು ಅಳೆಯಬೇಕಾದದ್ದು ಈ ದಡದಿಂದ.

ಇನ್ನು ಗುಡ್ಡಗಳು. ದೊಡ್ಡ ಗುಡ್ಡದ ನೆತ್ತಿ ಸಣ್ಣ ಗುಡ್ಡದ ಭುಜದ ಮೇಲೆ ಕೂತ ಹಾಗೆ ಕಾಣಬೇಕಾದರೆ, ನೋಡುವವರು ಆ ಎರಡೂ ಸೇರುವ ಗೆರೆಯ ಮೇಲೆ ಎಲ್ಲೋ ನಿಂತಿರಲೇಬೇಕು. ಗುಡ್ಡಗಳು ಮುಳುಗಿಲ್ಲ, ಸರಿದಿಲ್ಲ. ನಕ್ಷೆಯಲ್ಲಿ ಎರಡನ್ನೂ ಹಿಡಿದು ಗೆರೆ ಎಳೆದು ಕಣಿವೆಗೆ ತಂದೆವು. ಗೆರೆ ಹಳ್ಳದ ಎಡಗಡೆಗೆ ಬಂತು. ದಡದಿಂದ ಮುನ್ನೂರು ಮೀಟರ್ ಮೇಲೆ ಅದು ಹಳದಿ ಬಣ್ಣದ ಅಂಚನ್ನು ದಾಟಿತು. ಅಲ್ಲಿ ನಕ್ಷೆಯಲ್ಲಿ ಒಂದೇ ಒಂದು ಸಣ್ಣ ಕೆಂಪು ಚೌಕ. ಮೊದಲು ನೋಡಿದಾಗ ಇದು ಹೊಳೆಯಿಂದ ತುಂಬಾ ದೂರ ಎಂದು ಬಿಟ್ಟಿದ್ದೆವು.

ಹೊಸ ಗುರುತಿಗೂ ಹಳೇ ಗುರುತಿಗೂ ನಡುವೆ 900 ಮೀಟರ್.

ಮೇ ತಿಂಗಳ ಪ್ರಯಾಣ

ಈ ಸಲ ಅಜ್ಜನನ್ನು ಮೊದಲೇ ಕರೆದೊಯ್ಯಲಿಲ್ಲ. ಹುಡುಗಿ, ನಾನು, ದನ ಮೇಯಿಸುವವರು ಮೂವರೇ ಹೋಗಿ ನೋಡಿಬಂದೆವು. ಇನ್ನೊಮ್ಮೆ ಅವರನ್ನು ಬಿಸಿಲಲ್ಲಿ ನಿಲ್ಲಿಸಿ "ಇದಲ್ಲ" ಎನ್ನಿಸುವುದು ನಮ್ಮಿಂದ ಆಗುತ್ತಿರಲಿಲ್ಲ. ಗುರುತು ಹಾಕಿದ ಜಾಗದಲ್ಲಿ ಬರೀ ಮಣ್ಣು. ಒಂದಿಂಚಿನ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ 63 ಮೀಟರ್. ಮನೆಯ ಚೌಕ ಒಂದು ಚಿಹ್ನೆ ಅಷ್ಟೇ, ಅದು ಮನೆಯ ಅಳತೆಯಲ್ಲ. ಹಾಗಾಗಿ ಗುರುತನ್ನು ನಡುವೆ ಇಟ್ಟುಕೊಂಡು ಸುತ್ತು ಸುತ್ತಾಗಿ ಹುಡುಕಿದೆವು. 140 ಮೀಟರ್ ಆಚೆ ಕೆಂಪು ಕಲ್ಲಿನ ಬಾವಿಯ ಬಾಯಿ ಸಿಕ್ಕಿತು. ಕಂಠದವರೆಗೂ ಹೂಳು. ಅದರಿಂದ ಹತ್ತು ಹೆಜ್ಜೆಗೆ ಮೂರು ಮೆಟ್ಟಿಲು.

ಮೂರು ದಿನದ ನಂತರ ಬೆಳಗಿನ ತಂಪಿನಲ್ಲಿ ಅಜ್ಜ ಬಂದರು. ಬಾವಿಯ ಕಡೆ ಅವರು ಹೋಗಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಗುಡ್ಡದ ಕಡೆ ತಿರುಗಿದರು. ದೊಡ್ಡ ಗುಡ್ಡದ ನೆತ್ತಿ ಸಣ್ಣ ಗುಡ್ಡದ ಭುಜದ ಮೇಲೆ ಕೂತಿತ್ತು. ಆಮೇಲೆ ಮೆಟ್ಟಿಲ ಮೇಲೆ ಕೂತರು. ಮಧ್ಯದ ಮೆಟ್ಟಿಲಿನ ಎಡತುದಿ ಒಡೆದಿರಬೇಕು, ನೋಡು ಎಂದು ಮೊಮ್ಮಗಳಿಗೆ ಹೇಳಿದರು. ಅವಳು ಕೈಯಲ್ಲಿ ಮಣ್ಣು ಸರಿಸಿದಳು. ಒಡೆದಿತ್ತು.

ಚೌಡಿಕಟ್ಟೆ ಸಿಗಲಿಲ್ಲ. ಅದು ಹಳ್ಳದ ತಗ್ಗಿನಲ್ಲಿತ್ತಂತೆ, ಅಲ್ಲಿ ಹೂಳು ಆಳುದ್ದ ತುಂಬಿದೆ. ಅಜ್ಜ ಆ ದಿಕ್ಕಿಗೆ ಮುಖ ಮಾಡಿ ಮೆಟ್ಟಿಲ ಮೇಲೆಯೇ ಕಾಯಿ ಒಡೆದರು.

ಈ ಕೆಲಸದಿಂದ ಬದಲಾದದ್ದು

ಇದಾದ ಮೇಲೆ ನನ್ನ ಕೆಲಸದ ಕ್ರಮ ಬದಲಾಗಿದೆ. ಹಾಳೆ ಬಿಚ್ಚುವ ಮೊದಲು ಒಂದು ಕಾಗದದ ಮೇಲೆ ಎರಡು ಸಾಲು ಎಳೆಯುತ್ತೇನೆ. ಒಂದರಲ್ಲಿ ನಕ್ಷೆಯ ಸರ್ವೆ ಆದ ವರ್ಷ. ಅಚ್ಚಾದ ವರ್ಷವಲ್ಲ, ಸರ್ವೆ ಆದ ವರ್ಷ. ಅವೆರಡರ ನಡುವೆ ಎಷ್ಟೋ ಸಲ ಹತ್ತಾರು ವರ್ಷದ ಅಂತರ ಇರುತ್ತದೆ. ಇನ್ನೊಂದರಲ್ಲಿ ನೆನಪು ಹೇಳುವವರು ಹುಟ್ಟಿದ ವರ್ಷ, ಊರು ಬಿಟ್ಟ ವರ್ಷ. ಅವೆರಡರ ಮಧ್ಯೆ ಆ ಹೊಳೆಗೆ ಏನೇನಾಯಿತು ಎಂದು ಬರೆಯುತ್ತೇನೆ. ಕಟ್ಟೆ, ಕಾಲುವೆ, ದೊಡ್ಡ ನೆರೆ, ಎಲ್ಲವನ್ನೂ. ಕನ್ನಂಬಾಡಿಯ ಹಿನ್ನೀರಾಗಲಿ, ತುಂಗಭದ್ರೆಯ ಹಿನ್ನೀರಾಗಲಿ, ಇದೇ ಕ್ರಮ ಹಿಡಿಯಬಹುದು. ಕಟ್ಟೆಯನ್ನು ಹಂತ ಹಂತವಾಗಿ ಎತ್ತರಿಸಿದ ಕಡೆಯಂತೂ ಒಂದೊಂದು ಹಂತಕ್ಕೂ ಒಂದೊಂದು ದಡ ಇರುತ್ತದೆ.

ನೆನಪು ಹೇಳುವವರ ಮಾತಿನಲ್ಲಿ ದೂರಕ್ಕಿಂತ ನೋಟಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ. ಕೂಗಳತೆ, ನಾಲ್ಕು ಹೆಜ್ಜೆ, ಒಂದು ಬೀಡಿ ಸೇದುವಷ್ಟು ಹೊತ್ತು, ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಅಳತೆ. ಆದರೆ ಅಂಗಳದಲ್ಲಿ ನಿಂತರೆ ಯಾವ ಗುಡ್ಡದ ಹಿಂದೆ ಯಾವ ಗುಡ್ಡ ಕಾಣುತ್ತಿತ್ತು ಎಂಬುದು ಮಕ್ಕಳಾಗಿದ್ದಾಗ ಕಣ್ಣಿಗೆ ಅಚ್ಚೊತ್ತಿ ಕೂತಿರುತ್ತದೆ. ಅಜ್ಜ ಅದನ್ನು ಏಪ್ರಿಲ್‌ನಲ್ಲೇ ಹೇಳಿದ್ದರು. ಅವತ್ತೇ ಅಲ್ಲಿಯೇ ನಿಂತು ಗೆರೆ ಎಳೆದಿದ್ದರೆ ಇನ್ನೊಂದು ಪ್ರಯಾಣ ಬೇಕಾಗುತ್ತಿರಲಿಲ್ಲ. ಇನ್ನೊಂದು, ಒಂದೇ ಮನೆಯವರಾದರೂ ವಯಸ್ಸಿನ ಅಂತರ ಇರುವ ಇಬ್ಬರನ್ನು ಒಟ್ಟಿಗೆ ಕೂರಿಸಿ ಕೇಳುತ್ತೇನೆ. ಇಬ್ಬರ ಮಾತು ಹೊಂದದ ಕಡೆ ತಿದ್ದಲು ಹೋಗುವುದಿಲ್ಲ. ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳುತ್ತೇನೆ.

ಕಾಲೇಜಿನ ಬೀರುವಿನ ಹಾಳೆಗಳನ್ನು ವಾಪಸ್ ಕೊಡುವಾಗ, ಅಲ್ಲಿನ ಮೇಷ್ಟರ ಒಪ್ಪಿಗೆ ತೆಗೆದುಕೊಂಡು ಒಂದೊಂದರ ಜೊತೆಗೂ ಒಂದು ಚೀಟಿ ಇಟ್ಟು ಬಂದೆ. ಈ ಹಾಳೆಯಲ್ಲಿ ಕಾಣುವುದು ಹಿರೇಭಾಸ್ಕರ ಅಣೆಕಟ್ಟೆಗೆ ಮುಂಚಿನ ಹೊಳೆ ಎಂದು ಅದರಲ್ಲಿ ಬರೆದಿದೆ.

ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ದೊಡ್ಡಜ್ಜಿಗೆ ನಕ್ಷೆಯ ಒಂದು ಪ್ರತಿ ಒಯ್ದು ಕೊಟ್ಟೆವು. ದೊಡ್ಡದಾಗಿ ಅಚ್ಚು ಹಾಕಿಸಿದ್ದೆವು. ಅದರಲ್ಲಿ ಎರಡು ಗುರುತು ಇದ್ದವು. ಮೇಲಿನದು ಸಿಕ್ಕ ಮನೆ, ಕೆಳಗಿನದು ಏಪ್ರಿಲ್‌ನಲ್ಲಿ ನಾವು ತಪ್ಪಿ ಹೋದ ಜಾಗ. ಅಳಿಸುವುದು ಮರೆತಿದ್ದೆ. ಹುಡುಗಿ ಒಂದೊಂದೇ ವಿವರಿಸಿದಳು. ಇದು ಗುಡ್ಡ, ಇದು ಹಳ್ಳ, ಇದು ಮನೆ, ಇದು ಹೊಳೆ. ದೊಡ್ಡಜ್ಜಿಯ ಬೆರಳು ಹೊಳೆಯ ನೀಲಿ ಗೆರೆಯಿಂದ ಮೆಲ್ಲಗೆ ಮೇಲೆ ಬಂದು ಕೆಳಗಿನ ಗುರುತಿನ ಮೇಲೆ ನಿಂತಿತು.

"ಅದು ತಪ್ಪು ಗುರುತು ದೊಡ್ಡಜ್ಜಿ, ಅಲ್ಲೇನೂ ಇರಲಿಲ್ಲ" ಎಂದಳು ಹುಡುಗಿ.

"ಇಲ್ಲಿ ನಮ್ಮ ಹೊಳೆಗದ್ದೆ ಇತ್ತು" ಎಂದರು ದೊಡ್ಡಜ್ಜಿ. "ಈ ಎರಡು ಚೌಕ ಅಂದ್ಯಲ್ಲ, ಅದು ಗದ್ದೆ ಕಾಯೋ ಮನೆ. ನಾನು ಅಪ್ಪನ ಜೊತೆ ಅಲ್ಲಿ ಮಲಗ್ತಿದ್ದೆ."